ಪಡಸಾಲೆಯ ಕುರ್ಚಿಯಲ್ಲಿ ವಿಮಾನ

ತಂಗಿ ಪ್ರಯಾಣಿಕರ ವಿಮಾನ ಹಾರಿಸುತ್ತಾಳೆ. ನಾನೂ ಪೈಲಟ್ ಆಗಹೊರಟವನೇ. ಕಣ್ಣಿನ ತಪಾಸಣೆಯಲ್ಲಿ ಬಣ್ಣ ಗುರುತಿಸಲಾಗದೆ ಹೊರಬಿದ್ದು, ಈಗ ಹುನಗುಂದದಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ.

ರಜೆಗೆ ಬಂದಾಗಲೂ ಅವಳು ಬೆಳಿಗ್ಗೆ ಪಡಸಾಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ವಿಮಾನ ನೆಲ ಬಿಡುವಾಗ ಇಂಜಿನ್ ಕೆಟ್ಟರೆ ಏನು ಮಾಡಬೇಕೆಂದು ಅಭ್ಯಾಸ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಯಾರಾದರೂ ಲಿಂಗಪೂಜೆಗೆ ಕೂತರೆ ಉಳಿದವರು ಮಾತಾಡುವುದಿಲ್ಲ. ಅವ್ವ ಆ ಮರ್ಯಾದೆಯನ್ನು ಈ ಕುರ್ಚಿಗೂ ಕೊಟ್ಟುಬಿಟ್ಟಿದ್ದಾಳೆ. ಟಿವಿ ಬಂದ್, ಮಿಕ್ಸರ್ ಬಂದ್.

"ಗಪ್ಪ ಇರ್ರಿ, ಅಕಿ ವಿಮಾನ ಹಾರಸಾಕತ್ತಾಳ."

ಒಮ್ಮೆ ಹೊಟ್ಟೆಕಿಚ್ಚು ತಡೆಯದೆ ಹಿಂದಿನಿಂದ ಹೋಗಿ ಅವಳ ಕಿವಿಯಲ್ಲೇ ಕೂಗಿದೆ: "ಎಡಗಡೆ ಇಂಜಿನ್ ಹೋತು!"

ಬೆಚ್ಚಿಬೀಳಲಿ ಎಂದಿದ್ದೆ. ವಿಮಾನದ ಮೂತಿ ಎಡಕ್ಕೆ ತಿರುಗದಂತೆ ಅವಳ ಬಲಗಾಲು ಇಲ್ಲದ ಪೆಡಲನ್ನು ಒತ್ತಿತು, ಅಷ್ಟೇ. ಕಣ್ಣೂ ತೆರೆಯಲಿಲ್ಲ.

"ಕೆಟ್ಟ ಇಂಜಿನ್ ಬಂದ್ ಮಾಡೂದಿಲ್ಲೇನ?" ಎಂದೆ.

"ಮೊದಲ ನೆಟ್ಟಗ ಹಾರಬೇಕಣ್ಣಾ. ಸಾಕಷ್ಟು ಮ್ಯಾಲ ಏರೂತನಕ ಅದರ ಸ್ವಿಚ್ ಮುಟ್ಟಂಗಿಲ್ಲ. ಗಡಬಡ್ಯಾಗ ಛಲೋ ಇದ್ದ ಇಂಜಿನ್ನ ಬಂದ್ ಮಾಡಿಬಿಟ್ರ?"

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವಳು ಬಸ್ಸು ಹತ್ತಿ ಹೋದ ಮರುದಿನ ನಾನು ಅದೇ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಎಡ ಇಂಜಿನ್ ಹೋಯಿತು. ಬಲಗಾಲು ಒತ್ತಿದೆ. ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಖರೆ ಹೇಳುತ್ತೇನೆ, ವಿಮಾನ ನೆಟ್ಟಗೆ ಏರುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸರ್ ಗರ್ರೆಂದಿತು. ಅದನ್ನೂ ಮೀರಿಸಿ ಅವ್ವನ ದನಿ:

"ಸುಮ್ನ ಕುಂತೀಯಲ್ಲ, ಗಿರಣಿಗೆ ಹೋಗಿ ಜ್ವಾಳ ಬೀಸ್ಕೊಂಡ ಬಾ."