ಟಾಪು ಇಲ್ಲದ ಮೋಟಾರು

ಕಾಕಾನ ಮುಖಕ್ಕೆ ಎರಡು ಬಣ್ಣ. ಬಿಸಿಲುಂಡು ಕಪ್ಪಾದ ಮುಖದ ನಡುವೆ ಕಣ್ಣುಗಳ ಸುತ್ತ ಮಾತ್ರ ಎರಡು ಬೆಳ್ಳನೆಯ ಉಂಗುರ. ಮೋಟಾರು ನಡೆಸುವಾಗ ಧೂಳಿಗೆಂದು ಹಾಕಿಕೊಳ್ಳುತ್ತಿದ್ದ ದೊಡ್ಡ ಕನ್ನಡಕದ ಗುರುತು ಅದು. ಕನ್ನಡಕ ತೆಗೆದಿಟ್ಟು, ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದು ಕೂತರೂ ಮುಖದ ಮೇಲೆ ಇನ್ನೊಂದು ಕನ್ನಡಕ ಉಳಿದೇ ಇರುತ್ತಿತ್ತು. ಗೋಕಾಕದ ನಮ್ಮ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಕಾಕಾ ಅವರಿಗಿಂತ ಜೋರಾಗಿ ನಗುತ್ತಿದ್ದರು.

ಅವರು ನನಗೆ ರಕ್ತಸಂಬಂಧಿಯಲ್ಲ. ನಮ್ಮದು ಬೆಲ್ಲದ ವ್ಯಾಪಾರದ ಮನೆ; ಒಂದು ಗೋಡೆಯ ಆಚೆ ಅವರು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟ ಇಂಗ್ಲಿಷ್ ಸಾಹೇಬನೊಬ್ಬ ತನ್ನ ಹಳೆಯ ಮೋಟಾರನ್ನು ಇವರಿಗೆ ಕೊಟ್ಟು ಹೋದ. ಪ್ರೀತಿಯಿಂದೇನಲ್ಲ, ಅದನ್ನು ಚಾಲೂ ಮಾಡಲು ಬರುತ್ತಿದ್ದದ್ದು ಇವರೊಬ್ಬರಿಗೇ. ಆಗಲೇ ಅದಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಮೇಲೆ ಗಟ್ಟಿ ಛಾವಣಿ ಇಲ್ಲ. ಕಬ್ಬಿಣದ ಕಮಾನುಗಳ ಮೇಲೆ ದಪ್ಪ ಕ್ಯಾನ್ವಾಸು ಬಿಗಿದ ಟಾಪು. ಬೇಡವೆಂದರೆ ಹಿಂದಕ್ಕೆ ಮಡಚಿಡಬಹುದು. ಮಡಚಲಿಕ್ಕೂ ಏರಿಸಲಿಕ್ಕೂ ಇಬ್ಬರು ಬೇಕು, ಎಡಕ್ಕೊಬ್ಬರು, ಬಲಕ್ಕೊಬ್ಬರು. ಒಬ್ಬರೇ ಎಳೆದರೆ ಕಮಾನು ಸೊಟ್ಟಗಾಗಿ ನಡುವೆ ಸಿಕ್ಕಿಬೀಳುತ್ತಿತ್ತು. ಈ ಮಾತನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ಗಾಡಿಯ ಹಟಗಳು ಒಂದೆರಡಲ್ಲ. ಬಿಸಿಲೇರಿದರೆ ಪೆಟ್ರೋಲಿನ ನಳಿಗೆಗೆ ಒದ್ದೆ ಬಟ್ಟೆ ಸುತ್ತಬೇಕು, ಇಲ್ಲವಾದರೆ ಅರಭಾವಿ ದಾಟುವ ಮೊದಲೇ ಮುನಿಸಿಕೊಂಡು ನಿಲ್ಲುತ್ತಿತ್ತು. ಕಡಿದಾದ ಏರು ಬಂದರೆ ಇನ್ನೂ ಮಜಾ. ಪೆಟ್ರೋಲಿನ ಟಾಕಿ ಸೀಟಿನ ಕೆಳಗಿತ್ತು. ಗಾಡಿಯ ಮೂಗು ಮೇಲಾದರೆ ಎಂಜಿನ್ನಿಗೆ ಪೆಟ್ರೋಲು ಹರಿಯುತ್ತಿರಲಿಲ್ಲ. ಕಾಕಾ ಏರಿನ ಬುಡದಲ್ಲಿ ಗಾಡಿ ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಕೂತವರಿಗೆ ಬಿಟ್ಟುಬಂದ ಊರು ಎದುರಿಗೇ ಇಳಿಯುತ್ತ ಹೋಗುವುದು ಕಾಣುತ್ತಿತ್ತು. ಮೊದಲ ಸಲ ಕೂತಿದ್ದ ನಾಗನೂರಿನ ಮುದುಕಿಯೊಬ್ಬಳು, "ಏನೋ ತಮ್ಮಾ, ಮನಿಗಿ ಬಿಡತೇನಿ ಅಂದು ವಾಪಸ್ ಒಯ್ಯಾಕತ್ತಿಯಲ್ಲ" ಎಂದು ಗಾಬರಿಯಾಗಿದ್ದಳು.

ದಾರಿಯಲ್ಲಿ ಯಾರು ನಡೆಯುತ್ತಿದ್ದರೂ ಕಾಕಾ ನಿಲ್ಲಿಸುತ್ತಿದ್ದರು. ಬುಟ್ಟಿ ಹೊತ್ತವರು, ಕೂಸು ಎತ್ತಿಕೊಂಡವರು, ಯಾವ ಕೇರಿಯವರಾದರೂ ಸರಿ, "ಹತ್ರಿ, ಹತ್ರಿ" ಎನ್ನುವುದೊಂದೇ ಮಾತು. ಮಳೆ ಇಲ್ಲದಿದ್ದರೆ ಟಾಪು ಏರಿಸುತ್ತಿರಲಿಲ್ಲ. ಒಮ್ಮೆ ನಾನು ಕೇಳಿದ್ದಕ್ಕೆ ಹೇಳಿದ್ದರು: "ಟಾಪು ಇಳಿಸಿದ ಗಾಡ್ಯಾಗ ಕುಂತಾಂವಗ ಸುಳ್ಳು ಹೇಳಾಕ ಬರೂದಿಲ್ಲೋ. ಎಲ್ಲಿಂದ ಬಂದಿ, ಯಾರ ಕೂಡ ಬಂದಿ, ಎಲ್ಲಾ ಮಂದಿ ಕಣ್ಣಿಗಿ ಕಾಣತೈತಿ. ಅದಕ್ಕ ನನಗ ಇದು ಸೇರತೈತಿ."

ನಾನಾಗ ಮೂಡಲಗಿಯಲ್ಲಿ ಹೊಸದಾಗಿ ಸಾಲಿ ಮಾಸ್ತರನಾಗಿದ್ದೆ. ಇಪ್ಪತ್ಮೂರರ ವಯಸ್ಸು. ಮಕ್ಕಳಿಗೆ ಶರಣರ ವಚನಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ, ಎಲ್ಲರೂ ಒಂದೇ ಎಂದು ಕೋಲು ಹಿಡಿದು ಹೇಳುತ್ತಿದ್ದೆ. ರಜೆಯಲ್ಲಿ ಗೋಕಾಕಕ್ಕೆ ಬಂದರೆ ಕಾಕಾ ಗಾಡಿ ಕಲಿಸುತ್ತಿದ್ದರು. ಮುಂದಿನ ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಸಾಲಿಗೇ ಇಡಬೇಕು, ಸ್ಟೇರಿಂಗಿನ ಕೆಳಗಿನ ಚಿಕ್ಕ ಕಡ್ಡಿಯನ್ನು ಮೊದಲು ಮೇಲಕ್ಕೆ ಸರಿಸಬೇಕು, ಮರೆತರೆ ಹ್ಯಾಂಡಲ್ ತಿರುಗಿ ಒದೆಯುತ್ತದೆ. ಇದನ್ನು ಅವರು ನನಗೆ ನೂರು ಸಲವಾದರೂ ಹೇಳಿರಬೇಕು.

ಗಾಡಿಯ ಟಾಪು ಹೊಲಿಯುತ್ತಿದ್ದವರು ಹುಕ್ಕೇರಿಯವರು. ಚಪ್ಪಲಿ, ಎತ್ತಿನ ಕೊರಳಪಟ್ಟಿ ಹೊಲಿಯುವ ಕಸುಬು. ಕ್ಯಾನ್ವಾಸು ಹರಿದಾಗಲೆಲ್ಲ ಕಾಕಾ ಅಲ್ಲಿಗೆ ಹೋಗುತ್ತಿದ್ದರು. ಮೇಣ ತೀಡಿದ ದಾರದಿಂದ ಅವರು ಹಾಕುತ್ತಿದ್ದ ಜೋಡು ಹೊಲಿಗೆಯೊಳಗೆ ಒಂದು ಹನಿ ನೀರು ಇಳಿಯುತ್ತಿರಲಿಲ್ಲ. ಊರೆಲ್ಲ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದ ಕಾಲ. ಕಾಕಾ ಮಾತ್ರ "ಮಿಸ್ತ್ರಿ, ಅದೀರೇನ್ರಿ" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಅವರ ಮನೆಯ ಚಹಾ ಕುಡಿದೇ ಏಳುತ್ತಿದ್ದರು. ಕಾಕಾನಿಂದ ಕಲಿತು ನಾನೂ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದೆ. ಚಹಾ ಬಂದಾಗ ಮಾತ್ರ ನನಗೆ ಗಾಡಿ ಒರೆಸುವ ಕೆಲಸ ನೆನಪಾಗುತ್ತಿತ್ತು.

ಮಿಸ್ತ್ರಿಯ ಮಗಳಿಗೆ ಮೂಡಲಗಿಯ ಹುಡುಗ ಗೊತ್ತಾದ, ಲಗ್ನವೂ ಅಲ್ಲೇ. ಅವರು ಗೋಕಾಕಕ್ಕೆ ಬಂದು ಕಾಕಾನ ಕಟ್ಟೆಯ ಕೆಳಗೆ ನಿಂತರು. ಕಾಕಾ ಮೇಲೆ ಕೂರಿಸಿದರು.

"ಒಂದು ಕೇಳೂದಿತ್ರಿ. ಮಗಳು ಅಳಿಯ ನಿಮ್ಮ ಗಾಡ್ಯಾಗ ಪೇಟಿ ಹಾಯ್ದು ಬರಬೇಕಂತ ನನಗ ಭಾಳ ಆಸೆ ಐತ್ರಿ. ಟಾಪು ಇಳಿಸಿ."

ಆ ಕೊನೆಯ ಎರಡು ಮಾತಿಗೆ ಅರ್ಥವಿತ್ತು. ಆಗ ನಮ್ಮ ಕಡೆ ಅವರ ಕೇರಿಯ ಮದುಮಕ್ಕಳು ಪೇಟೆಯಲ್ಲಿ ಏನನ್ನೂ ಏರಿ ಹೋಗುವ ರೂಢಿಯಿರಲಿಲ್ಲ. ಬಾಸಿಂಗವನ್ನು ಹಣೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು ನಡೆದು ಹೋಗುತ್ತಿದ್ದರು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಾಕಾ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಟಾಪು ಇಳಿಸೇ ತರತೇನಿ ಮಿಸ್ತ್ರಿ. ನಾನ ಹೊಡೀತೇನಿ."

ಲಗ್ನಕ್ಕೆ ನಾಲ್ಕು ದಿನವಿದ್ದಾಗ ಕಾಕಾ ಹ್ಯಾಂಡಲ್ ತಿರುಗಿಸುತ್ತಿದ್ದರು, ನಾನು ಸ್ಟೇರಿಂಗಿನ ಹಿಂದೆ ಕೂತಿದ್ದೆ. ಓಣಿಯ ಗೆಳೆಯರಿಗೆ ಕೈ ಬೀಸುವ ಭರದಲ್ಲಿ ಕಡ್ಡಿ ಸರಿಸುವುದನ್ನು ಮರೆತೆ. ಹ್ಯಾಂಡಲ್ ಒದ್ದ ರಭಸಕ್ಕೆ ಅವರ ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕಟ್ಟುವವರ ಮುಂದೆ, ನಮ್ಮಪ್ಪನ ಮುಂದೆ, ಕೇಳಿದವರೆಲ್ಲರ ಮುಂದೆ ಅವರು ಹೇಳಿದ್ದು ಇಷ್ಟೇ: "ಒದ್ದದ್ದು ಗಾಡಿ. ಹುಡುಗಂದೇನೈತಿ?" ಈ ತಪ್ಪನ್ನು ನಾನು ಆಮೇಲೆ ಎಷ್ಟೋ ಜನರಿಗೆ ನಗುತ್ತ ಹೇಳಿಕೊಂಡಿದ್ದೇನೆ. ಹೇಳಿಕೊಳ್ಳದೆ ಉಳಿಸಿಕೊಂಡದ್ದು ಅದರ ಮುಂದಿನದು.

ಹೀಗೆ ಲಗ್ನದ ಗಾಡಿ ನಡೆಸುವ ಕೆಲಸ ನನಗೆ ಬಂತು. ಹೊರಡುವಾಗ ಕಾಕಾ ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಬಾಗಿಲಿಗೆ ಬಂದರು. "ಸಾವಕಾಶ ಹೊಡಿ. ಮಂದಿ ನೋಡಲಿ" ಎಂದರು.

ಅಕ್ಷತೆ ಮುಗಿಯಿತು. ಊರ ಹೊರಗಿನ ಗುಡಿಗೆ ಹೋಗಿ, ದೇವರಿಗೆ ಕಾಯಿ ಒಡೆಸಿ, ಪೇಟೆಯ ದಾರಿಯಿಂದ ಕೇರಿಗೆ ಮರಳಬೇಕು. ಇಳಿಬಿಸಿಲು. ಮುಂದೆ ಹಲಗಿಯವರು, ಹಿಂದಿನ ಸೀಟಿನಲ್ಲಿ ಮದುಮಕ್ಕಳು, ಗಾಡಿಯ ಪಕ್ಕದಲ್ಲಿ ಹೊಸ ರುಮಾಲು ಸುತ್ತಿದ ಮಿಸ್ತ್ರಿ. ಮದುಮಗ ಸಣಕಲು ಹುಡುಗ. ಅವನ ಬಾಸಿಂಗ ಅವನಿಗಿಂತ ದೊಡ್ಡದು. ಹುಡುಗಿ ಮೊದಲು ತಲೆ ತಗ್ಗಿಸಿದ್ದವಳು ಬಯಲಿನ ಗಾಳಿ ಮುಖಕ್ಕೆ ಬಡಿದಾಗ ಕತ್ತೆತ್ತಿ ಸುತ್ತ ನೋಡತೊಡಗಿದಳು. ನನಗೂ ಹೆಮ್ಮೆಯೆನಿಸಿತ್ತು. ಸುಳ್ಳು ಹೇಳಲಾರೆ, ಅಲ್ಲಿಯವರೆಗೆ ನಾನು ಒಳ್ಳೆಯವನೇ ಆಗಿದ್ದೆ.

ಪೇಟೆಯ ತಿರುವಿನಲ್ಲಿ ಅರಿವೆ ಅಂಗಡಿಯ ಕಟ್ಟೆ ಕಂಡಿತು. ನಾಲ್ಕೈದು ಹಿರಿಯರು ಕೂತಿದ್ದರು. ನಡುವೆ, ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದೊಡ್ಡವರು. ಅವರಿನ್ನೂ ನಮ್ಮನ್ನು ನೋಡಿರಲಿಲ್ಲ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಲಗಿ ನಿಂತಿತು.

"ಮಳಿ ಬರೂ ಹಂಗ ಐತಿ," ಎಂದೆ. "ಟಾಪು ಏರಿಸೂನು."

ಮಿಸ್ತ್ರಿ ಆಕಾಶ ನೋಡಿದರು. ಒಂದು ತುಣುಕು ಮೋಡವಿರಲಿಲ್ಲ. ಆಮೇಲೆ ಅಂಗಡಿಯ ಕಟ್ಟೆ ನೋಡಿದರು. ಆಮೇಲೆ ನನ್ನನ್ನು.

ನಾನು ಇಳಿದು ಎಡಗಡೆಯ ಕಮಾನು ಹಿಡಿದೆ. ಅದು ಅಲುಗಲಿಲ್ಲ. ಇಬ್ಬರು ಬೇಕಲ್ಲ. ನಾನು ಸೊಟ್ಟಸೊಟ್ಟಗೆ ಎಳೆಯುತ್ತ ನಿಂತೆ. ಮದುಮಗನ ಕಡೆಯವರು ಯಾರೂ ಮುಂದೆ ಬರಲಿಲ್ಲ. ಕಡೆಗೆ ಮಿಸ್ತ್ರಿಯೇ ಬಲಗಡೆಗೆ ಹೋದರು. ತಾವೇ ಹೊಲಿದ ಟಾಪನ್ನು ತಮ್ಮ ಮಗಳ ತಲೆಯ ಮೇಲೆ ನನ್ನ ಜೊತೆ ಎಳೆದು ಮುಚ್ಚಿದರು. ಹುಡುಗಿ ಮತ್ತೆ ತಲೆ ತಗ್ಗಿಸಿದಳು. ನಾನು ಬದಿಯ ಪರದೆಗಳನ್ನೂ ಇಳಿಬಿಟ್ಟೆ. ಅಂಗಡಿ ದಾಟುವಾಗ ಆ ದೊಡ್ಡವರು ಕೈಸನ್ನೆ ಮಾಡಿ ಹತ್ತಿರ ಬಂದು, "ಚಲೋ ಮಾಡಿದ್ರಿ ಮಾಸ್ತರ" ಎಂದರು. ನಾನು ನಮಸ್ಕಾರ ಮಾಡಿದೆ.

ಗೋಕಾಕಕ್ಕೆ ಬಂದಾಗ ಕಾಕಾ ಕಟ್ಟೆಯ ಮೇಲೆಯೇ ಇದ್ದರು. ದಾರಿಯಲ್ಲಿ ಯಾರನ್ನೋ ಕರೆದು ನಾನು ಟಾಪು ಮಡಚಿಸಿಕೊಂಡು ಬಂದಿದ್ದೆ.

"ಪೇಟ್ಯಾಗ ಹಾಯ್ದ್ರೇನು?"

"ಹೂಂರಿ ಕಾಕಾ."

"ಟಾಪು ಇಳಿಸಿ?"

"ಹೂಂರಿ."

ಅವರ ಮುಖ ಅರಳಿತು. ಆ ಸಂತೋಷವನ್ನು ನೋಡಿಯೂ ನಾನು ಊಟ ಮಾಡಿದೆ, ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಗಾಡಿ ಒರೆಸಲು ಅವರ ಎಡಬದಿಗೆ ನಾನು ಸಹಾಯಕ್ಕೆ ನಿಂತಿದ್ದೆ. ಟಾಪು ಬಿಚ್ಚಿ ಹರವಿದೆವು. ಒಳಮೈಯ ಹೊಲಿಗೆಯಲ್ಲಿ ಬಾಸಿಂಗದ ಜರಿಯ ಎಳೆಯೊಂದು ಸಿಕ್ಕಿಕೊಂಡಿತ್ತು, ಅದರ ತುದಿಯಲ್ಲಿ ಎರಡು ಮುತ್ತಿನ ಮಣಿ. ಕಾಕಾ ಎಡಗೈಯಿಂದ ಅದನ್ನು ಬಿಡಿಸಿ ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಮಡಚಿದ ಟಾಪಿನೊಳಗ ಇದು ಹೆಂಗ ಸಿಗತೈತೋ?"

ಅವರು ಬೈಯಲಿಲ್ಲ. ಮಣಿಗಳನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಜೋಳಿಗೆ ಕೈಯಲ್ಲೇ ಹುಕ್ಕೇರಿಯ ಬಸ್ಸು ಹತ್ತಿ ಹೋದರು. ಬರುತ್ತೇನೆ ಎಂದೆ. "ನೀ ಬ್ಯಾಡ" ಎಂದರು. ಸಂಜೆ ಬಂದವರೇ ಪಾನಾ ತಗೊಂಡು ಎಡಗೈಯಲ್ಲಿ ಟಾಪಿನ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಕಮಾನುಗಳನ್ನೂ ಕಿತ್ತಿಟ್ಟರು. ಆಮೇಲೆ ಆ ಗಾಡಿ ಟಾಪು ಕಾಣಲಿಲ್ಲ.

ಹತ್ತು ವರ್ಷ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಸ್ಟೇರಿಂಗು ಹಿಡಿದು ಮಸಗುಪ್ಪಿಯ ದಾರಿಯಲ್ಲಿ ಹೋಗುತ್ತಿದ್ದ ಕಾಕಾನನ್ನು ನೋಡಿ ನಕ್ಕವರು ಈಗಲೂ ಇದ್ದಾರೆ. ಮುದುಕನಿಗೆ ತಲೆ ಕೆಟ್ಟಿದೆ ಎಂದರು. ಕೇಳಿದವರಿಗೆ ಕಾಕಾ "ಹರದೈತ್ರಿ" ಎನ್ನುತ್ತಿದ್ದರು. ಹೊಸದು ಹಾಕಿಸೋಣ ಎಂದು ನಾನು ಒಮ್ಮೆ ಬಾಯಿ ಬಿಟ್ಟೆ. "ತೋಯ್ಲಿ ಬಿಡೋ. ನಾವೇನು ಸಕ್ರಿ ಗೊಂಬಿ ಅದೇವೇನು?" ಎಂದರು. ನನ್ನೊಂದಿಗೆ ಮಾತು ಬಿಡಲಿಲ್ಲ, ಗಾಡಿ ಕೊಡುವುದನ್ನೂ ಬಿಡಲಿಲ್ಲ. ನನ್ನ ಮದುವೆಯಲ್ಲಿ ಅವರೇ ಗಾಡಿ ನಡೆಸಿದರು. ನಾನೂ ನನ್ನ ಹೆಂಡತಿಯೂ ಬಾಸಿಂಗ ಕಟ್ಟಿಕೊಂಡು ತೆರೆದ ಗಾಡಿಯಲ್ಲಿ ಅದೇ ಹಿಂದಿನ ಸೀಟಿನಲ್ಲಿ ಕೂತೆವು. ಅವರು ಬೈದಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತೋ.

ಕಾಕಾ ತೀರಿಕೊಂಡದ್ದು ಒಂದು ಮಳೆಗಾಲದ ಕೊನೆಗೆ, ಎದೆಯಲ್ಲಿ ಕಫ ಕಟ್ಟಿ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಗಾಡಿಯಲ್ಲೇ ಒಯ್ಯೋಣ ಎಂದು ಓಣಿಯವರೆಲ್ಲ ಹೇಳಿದರು. ಹೂವಿನ ಹಾರ ಹಾಕಿ, ವಿಭೂತಿ ಬಳಿದು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿದೆವು. ಕಣ್ಣಿನ ಸುತ್ತಿನ ಬಿಳಿ ಉಂಗುರಗಳು ಆಗಲೂ ಕಾಣುತ್ತಿದ್ದವು.

ನಾನು ಹ್ಯಾಂಡಲ್ ಹತ್ತಿರ ನಿಂತಿದ್ದಾಗ ಮಿಸ್ತ್ರಿ ಬಂದರು. ಹುಕ್ಕೇರಿಯಿಂದ ಬಸ್ಸಿಗೆ ಬಂದಿದ್ದರು. ಬಹಳ ಮುದಿಯಾಗಿದ್ದರು. ಜನರಿಂದ ದೂರ ನಿಂತು ಕಾಕಾನಿಗೆ ಕೈಮುಗಿದು, ನನ್ನ ಕಡೆ ತಿರುಗಿದರು.

"ದೊಡ್ಡ ಮನಸ್ಯಾರ್ರಿ. ಒಂದ ಸಲ ಅಷ್ಟ ನಮ್ಮ ಕಡೆ ಎಡವಿದ್ರು. ಟಾಪು ಏರಸು ಅಂತ ನಿಮಗ ಅವರ ಹೇಳಿ ಕಳಸಿದ್ರಂತಲ್ರಿ. ಮರುದಿನ ಮನಿತನಕ ಬಂದು ಒಪ್ಪಿಕೊಂಡ್ರು. 'ನಾ ಅಂಜಿದ್ನಿ ಮಿಸ್ತ್ರಿ, ಹುಡುಗಂದೇನೈತಿ' ಅಂದ್ರು. ನನಗ ಸಿಟ್ಟು ಇಳೀಲಿಲ್ರಿ. ಅವತ್ತಿನಿಂದ ಅವರ ಕೂಡ ಮಾತಾಡಲಿಲ್ಲ. ಈಗ ಬಂದೇನಿ, ಏನ ಉಪಯೋಗ."

ಹತ್ತು ವರ್ಷ ಅವರು ಕಾಕಾನೊಂದಿಗೆ ಮಾತಾಡಿರಲಿಲ್ಲ. ಹುಕ್ಕೇರಿಯ ಆ ಮನೆಯ ಚಹಾ ಕಾಕಾನಿಗೆ ನನ್ನಿಂದ ತಪ್ಪಿತ್ತು. ಕಾಕಾ ನಮ್ಮಿಬ್ಬರ ಹಿಂದೆಯೇ ಕೂತಿದ್ದರು. ಮಿಸ್ತ್ರಿ ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾದರು. ನನಗೆ ಆಗ ಮೂವತ್ಮೂರು ವರ್ಷ, ನಾನಾಗ ಹೆಡ್ ಮಾಸ್ತರ. ಸುತ್ತ ನಮ್ಮವರೆಲ್ಲ ನಿಂತಿದ್ದರು.

"ಹೌದ್ರಿ," ಎಂದೆ.

ಆಮೇಲೆ ಕಡ್ಡಿಯನ್ನು ಮೇಲಕ್ಕೆ ಸರಿಸಿ, ಹೆಬ್ಬೆರಳು ಸರಿಯಾಗಿಟ್ಟು, ಹ್ಯಾಂಡಲ್ ತಿರುಗಿಸಿದೆ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಸಾವಕಾಶ ನಡೆಸಿದೆ. ಗೋಕಾಕದ ಪೇಟೆಯೆಲ್ಲ ಕಾಕಾನನ್ನು ನೋಡಿತು.

ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಆ ಟಾಪು ಸಿಕ್ಕಿತು. ಬೇವಿನ ಎಲೆ ಹಾಕಿ ಮಡಚಿಟ್ಟಿದ್ದರು. ಎಲ್ಲೂ ಹರಿದಿರಲಿಲ್ಲ. ನಡುವಿನ ಮಡಿಕೆಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಎರಡು ಮುತ್ತಿನ ಮಣಿ. ಗಾಡಿ ಯಾರ ಕೈಗೋ ಹೋಯಿತು. ಟಾಪು ಮತ್ತು ಮಣಿ ನನ್ನ ಹತ್ತಿರ ಉಳಿದವು. ಮಿಸ್ತ್ರಿಯೂ ಹೋಗಿ ಬಹಳ ವರ್ಷಗಳಾದವು. ಅವರ ಮಗಳು ಮೂಡಲಗಿಯಲ್ಲೇ ಇದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ. ಎರಡು ಸಲ ಅವಳ ಓಣಿಯ ತನಕ ಹೋಗಿ ತಿರುಗಿ ಬಂದಿದ್ದೇನೆ. ಕಾಕಾ ಅಂಜಿರಲಿಲ್ಲ ಎಂದು ಅವಳಿಗೆ ಹೇಳಬಲ್ಲವರು ಇನ್ನು ಯಾರೂ ಇಲ್ಲ, ನಾನೊಬ್ಬ ಉಳಿದಿದ್ದೇನೆ.