ಹಿಮದ ಮೇಲೆ ನಡೆಯುವ ನನ್ನ ಮೈದುನ

ನನ್ನ ಮೈದುನನಿಗೆ ಸಿನಿಮಾದಲ್ಲಿ ನಡೆಯುವ ಕೆಲಸ. ನಟನಲ್ಲ. ಪರದೆಯ ಮೇಲೆ ಯಾರೋ ನಡೆಯುತ್ತಾರೆ, ಕೇಳುವ ಹೆಜ್ಜೆ ಇವನದು. ಚಿತ್ರ ತೆಗೆಯುವಾಗ ಮಾತು ಹಿಡಿಯುವುದರಲ್ಲೇ ಅವರಿಗೆ ಸಾಕುಸಾಕಾಗುತ್ತದಂತೆ. ಹೆಜ್ಜೆ, ಬಾಗಿಲು, ಬಳೆ, ಮಳೆ ಇವೆಲ್ಲ ಆಮೇಲೆ ಸೇರಿಸಬೇಕು. ಸೇರಿಸುವವನು ಇವನು. ಸ್ಟುಡಿಯೋದವರು ಅವನನ್ನು ಸದ್ದಣ್ಣ ಎಂದೇ ಕರೆಯುತ್ತಾರೆ.

ಅವನ ಕೋಣೆಗೆ ನಾನು ಹೋಗಿದ್ದೇನೆ. ಗೋಡೆಗೆಲ್ಲ ದಪ್ಪ ಪರದೆ. ನೆಲದ ಮೇಲೆ ಮರದ ಚೌಕಟ್ಟುಗಳು, ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಬರೀ ಹಲಗೆ. ಅವನ್ನು ಮಾಡಿಕೊಟ್ಟವರು ನಮ್ಮ ಯಜಮಾನರು, ಮರಗೆಲಸದವರು. ಹಲಗೆ ಕಿರುಗುಟ್ಟುವ ಹಾಗಿರಬೇಕು ಎಂದು ತಮ್ಮ ಹೇಳಿದಾಗ, ಕಿರುಗುಟ್ಟದ ಹಾಗೆ ಕೂಡಿಸುವುದನ್ನು ಕಲಿಯೋಕೆ ಅರ್ಧ ಆಯಸ್ಸು ಹೋಯಿತು, ಈಗ ಇವನಿಗೋಸ್ಕರ ಮರೆಯಬೇಕು ಎಂದು ಗೊಣಗಿಕೊಂಡೇ ಮಾಡಿದರು. ಅವರು ಹೋದ ಮೇಲೂ ಆ ಹಲಗೆ ಕಿರುಗುಟ್ಟುತ್ತಲೇ ಇದೆ.

ನಾಯಕಿ ನಡೆದರೂ ಇವನೇ ನಡೆಯಬೇಕು. ಅದಕ್ಕೆ ಎತ್ತರದ ಹಿಮ್ಮಡಿಯ ಚಪ್ಪಲಿ ಬೇಕೆಂದು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಅಂಗಡಿಯವನು ನನ್ನ ಕಾಲು ನೋಡಿದ, ಇವನ ಕಾಲು ನೋಡಿದ, ತುಟಿಪಿಟಕ್ಕೆನ್ನದೆ ಕಟ್ಟಿಕೊಟ್ಟ. ಹೊಡೆದಾಟದಲ್ಲಿ ಮೂಳೆ ಮುರಿಯುವುದಕ್ಕೆ ಗಜ್ಜರಿ ಮುರಿಯುತ್ತಾನೆ. ಖಳನಾಯಕನ ಕೈಕಾಲು ಮುರಿದ ದಿನ ನಮ್ಮ ಮನೆಯಲ್ಲಿ ಬರೀ ಗಜ್ಜರಿಯದೇ ಅಡುಗೆ.

ಇವನ ಮಗನಿಗೆ ಒಬ್ಬಳೇ ಮಗಳು. ಮನೆಯಲ್ಲಿ ಅವಳನ್ನು ಚೂಟಿ ಎನ್ನುತ್ತೇವೆ. ಅವಳು ತೀರಾ ಚಿಕ್ಕವಳಿದ್ದಾಗ ಒಂದು ಸಿನಿಮಾದ ಗುಡುಗಿಗೆ ಹೆದರಿ ಜ್ವರ ಬರಿಸಿಕೊಂಡಳು.  ಇವನು ತನ್ನ ಕೋಣೆಗೆ ಎತ್ತಿಕೊಂಡು ಹೋಗಿ ತಗಡಿನ ಹಾಳೆ ಅಲ್ಲಾಡಿಸಿ, ನೋಡು ಕಂದ, ಗುಡುಗು ಎಂದರೆ ಇಷ್ಟೇ ಎಂದು ತೋರಿಸಿದ. ಅವಳು ನಕ್ಕಳು, ಜ್ವರ ಬಿಟ್ಟಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಕುದುರೆ ಎಂದರೆ ತೆಂಗಿನ ಚಿಪ್ಪು, ಹಕ್ಕಿಯ ರೆಕ್ಕೆ ಎಂದರೆ ಹಳೇ ಕೈಗವಸು ಎಂದು ಒಂದೊಂದನ್ನೂ ಕಲಿಸಿಬಿಟ್ಟ.

ಆಮೇಲೆ ಆ ಹುಡುಗಿಗೆ ಯಾವುದೂ ಬೆರಗಲ್ಲ. ಅಕ್ಕಪಕ್ಕದ ಮಕ್ಕಳು ರೆಕ್ಕೆಯ ಕುದುರೆ ನೋಡಿ ಕಣ್ಣರಳಿಸಿದರೆ ಇವಳು ಚಿಪ್ಪು, ಚಿಪ್ಪು ಎನ್ನುತ್ತಾಳೆ. ಒಂದು ಮಗು ಅತ್ತೇಬಿಟ್ಟಿತು. ಮಾವ, ಇವಳು ಮಗುವೋ ಮೇಸ್ತ್ರಿಯೋ ಎಂದು ಅವಳ ತಾಯಿ, ನಮ್ಮ ಸೊಸೆ, ಚುಚ್ಚಿದಳು. ಮೈದುನ ಅವತ್ತು ಅರ್ಧ ಊಟಕ್ಕೇ ಎದ್ದ.

ಹೀಗಿರುವಾಗ ಕ್ರಿಸ್‌ಮಸ್ಸಿನ ಸಿನಿಮಾ ಒಂದು ಅವನ ಕೈಗೆ ಬಂತು. ರಾತ್ರಿ ಮನೆಮನೆಗೆ ಉಡುಗೊರೆ ತರುವ ಕೆಂಪು ಕೋಟಿನ ತಾತ ಸುಳ್ಳು ಎನ್ನುವ ಒಬ್ಬ ಹುಡುಗಿಯ ಕಥೆ. ತಾತ ಬರುವುದು ಹಿಮ ಮುಚ್ಚಿದ ಸೂರಿನ ಮೇಲೆ. ನಂಬಿದವರಿಗೆ ಮಾತ್ರ ಅವನ ಹೆಜ್ಜೆ ಕೇಳುತ್ತದೆ. ಕಥೆಯೆಲ್ಲ ಆ ಹೆಜ್ಜೆಯ ಮೇಲೇ ನಿಂತಿದೆ.

ಮೈದುನ ಅಡುಗೆಮನೆಗೆ ಬಂದು ಹೊಸ್ತಿಲಲ್ಲೇ ನಿಂತ. "ಅತ್ತಿಗೆ, ಆ ಮಗು ಒಂದು ಸಲ ಬಾಯಿ ತೆರೆದು ನೋಡಬೇಕು. ಒಂದೇ ಸಲ. ಅವಳ ಬೆರಗನ್ನ ನಾನೇ ತಿಂದುಹಾಕಿದೀನಿ" ಎಂದ.

ಅವಳಿಗೆ ಗೊತ್ತಾಗದ ಹಾಗೆ ಕೆಲಸ ಮುಗಿಸುವುದು ಎಂದು ತೀರ್ಮಾನವಾಯಿತು. ಹಿಮಕ್ಕೆ ಬೇಕಾದದ್ದು ಬಟ್ಟೆಗೆ ಹಾಕುವ ಗಂಜಿ ಪುಡಿ. ಚರ್ಮದ ಚೀಲದಲ್ಲಿ ಬಿಗಿಯಾಗಿ ತುಂಬಿ ಕಾಲಿನಿಂದ ಅದುಮಿದರೆ ಕರಕ್ ಎನ್ನುತ್ತದೆ. ಚೂಟಿ ಶಾಲೆಗೆ ಹೋದ ಹೊತ್ತಿನಲ್ಲಿ ಚೀಲ ಹೊಲಿದುಕೊಟ್ಟವಳು ನಾನು. ಹೊಲಿಗೆ ಸಡಿಲವಾದರೆ ಪುಡಿ ಉಸಿರುಬಿಟ್ಟು ಸದ್ದು ಕೆಡುತ್ತದೆ, ಅದಕ್ಕೇ ಎರಡೆಳೆ ಹಾಕಿದೆ. ಏನು ಸಿನಿಮಾ ತಾತ ಎಂದು ಅವಳು ಕೇಳಿದಾಗಲೆಲ್ಲ ಪೊಲೀಸರದು ಎನ್ನುತ್ತಿದ್ದ. ತೋಳಿನ ಮೇಲಿನ ಬಿಳಿ ಪುಡಿ ಏನೆಂದರೆ ಸುಣ್ಣ ಎಂದ. ಪೊಲೀಸ್ ಸ್ಟೇಷನ್ನಿಗೆ ನೀನೇ ಸುಣ್ಣ ಹೊಡೀಬೇಕಾ ಎಂದಳು. 

ಸಿನಿಮಾ ಬಂತು. ಬೆಳಗಿನ ಆಟಕ್ಕೆ ಮನೆಮಂದಿಯೆಲ್ಲ ಹೋದೆವು. ಇವನು ಪರದೆ ನೋಡಲೇ ಇಲ್ಲ, ಪಕ್ಕದಲ್ಲಿದ್ದ ಅವಳ ಮುಖವನ್ನೇ ನೋಡುತ್ತ ಕೂತ.

ಸೂರಿನ ದೃಶ್ಯ ಬಂತು. ಕರಕ್, ಕರಕ್. ಮುಂದಿನ ಸಾಲಿನ ಮಕ್ಕಳೆಲ್ಲ ಗಪ್‌ಚುಪ್. ಚೂಟಿ ಬಾಯಿ ತೆರೆಯಲಿಲ್ಲ. ತಲೆ ಒಂದು ಕಡೆ ವಾಲಿಸಿ ಕೇಳಿದಳು, ಆಮೇಲೆ ಇವನ ಕಡೆ ಬಗ್ಗಿದಳು.

"ತಾತ, ಇದು ನೀನು."

ಇವನ ಮುಖ ಸಣ್ಣದಾಯಿತು. "ಹೂಂ. ಗಂಜಿ ಪುಡಿ ಕಣಮ್ಮ" ಎಂದು ಒಪ್ಪಿಕೊಂಡ.

"ಪುಡಿ ಅಲ್ಲ, ನೀನು. ಎರಡು ಹೆಜ್ಜೆ ಇಟ್ಟು ನಿಂತ್ಕೋತೀಯಲ್ಲ, ನಮ್ಮ ಮೆಟ್ಟಿಲು ಹತ್ತುವಾಗಲೂ ಹಂಗೇ."

 ಅವಳು ಪರದೆ ನೋಡಿದಳು, ಪಕ್ಕದಲ್ಲಿದ್ದ ತನ್ನ ತಾತನ ಕಾಲು ನೋಡಿದಳು. ಮತ್ತೆ ಪಿಸುಗುಟ್ಟಿದಳು. "ಹಂಗಾದ್ರೆ ಎಲ್ಲರ ಮನೆ ಮೇಲೂ ಹೋಗೋದು ನೀನೇನಾ?"

ಯಾವ ಸದ್ದು ಯಾವುದರಿಂದ ಆಯಿತು ಎಂದು ಆ ಮಗುವಿಗೆ ಒಂದು ದಿನವೂ ಮುಚ್ಚಿಡದೆ ಹೇಳಿದ್ದವನು ಇವನು, ಈ ಸಿನಿಮಾ ಒಂದನ್ನು ಬಿಟ್ಟು. ನನ್ನ ಕಡೆ ತಿರುಗಿದ. ನಾನು ಪರದೆ ನೋಡುತ್ತ ಕೂತೆ. ಇದಕ್ಕೆ ಅತ್ತಿಗೆ ಹೇಳಿಕೊಡುವಂಥದ್ದು ಏನಿದೆ?

"ಯಾರಿಗೂ ಹೇಳಬೇಡ" ಎಂದ.

ಆಗ ತೆರೆಯಿತು ಅವಳ ಬಾಯಿ. ಸಿನಿಮಾ ಮುಗಿದು ದೀಪ ಹತ್ತಿದರೂ ಮುಚ್ಚಲಿಲ್ಲ. ಹೊರಗೆ ಪಕ್ಕದ ಮನೆಯ ಮಗು ಬಂದು ಆ ಸದ್ದು ಯಾವುದರಿಂದ ಮಾಡಿದ್ದು ಹೇಳೇ ಎಂದು ಪೀಡಿಸಿತು. ನಂಗೇನು ಗೊತ್ತು ಎಂದಳು, ತಾತನ ಕೈ ಮಾತ್ರ ಬಿಡಲಿಲ್ಲ.

ಮನೆಗೆ ಬಂದವಳೇ ಬೋಗುಣಿಯಲ್ಲಿ ಬಿಸಿನೀರು ತರುವುದಕ್ಕೆ ಹೋಗಿ ಅರ್ಧ ನೆಲಕ್ಕೆ ಚೆಲ್ಲಿದಳು. ಇದೇನೇ ಹೊಸ ಆಟ ಎಂದು ಸೊಸೆ ಗದರಿದಳು. ಚೂಟಿ ಬಾಯಿ ಬಿಡಲಿಲ್ಲ. ಬೋಗುಣಿಯನ್ನು ಕುರ್ಚಿಯ ಮುಂದಿಟ್ಟು, ಹಿಮ ತುಳಿದ ತಾತನ ಪಾದ ಒಂದೊಂದಾಗಿ ಎತ್ತಿ ನೀರಿಗಿಟ್ಟಳು. ನೀರು ಸುಡುತ್ತಿತ್ತು. ಅವನು ಕಾಲು ತೆಗೆಯಲಿಲ್ಲ.