ದರ್ಜಿ ತಾತನ ಬೆರಳು
ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡುವ ಕಚೇರಿಯ ಬೆಂಚಿನ ಮೇಲೆ ದರ್ಜಿ ತಾತ ಕೂತರೆ ಮೋಡದ ಮೇಲೆ ತೇಲುತ್ತಿರುವಂತೆ ಕಾಣುತ್ತಾನೆ. ಫ್ಲೂ ಲಸಿಕೆ ಹಾಕಿಸಿಕೊಂಡ ಮೂರನೇ ವಾರಕ್ಕೆ ನರಗಳು ಜಡವಾಗಿ, ಬೆರಳುಗಳಲ್ಲಿ ಸ್ಪರ್ಶಜ್ಞಾನವೇ ಉಳಿದಿಲ್ಲ; ಆದರೂ ಹಾದುಹೋಗುವವರ ತೋಳು ಸವರಿ, ಕಣ್ಣು ಮುಚ್ಚಿ, "ಅಪ್ಪಟ ಹತ್ತಿ ಅಲ್ವಾ?" ಅನ್ನುತ್ತಾನೆ. ತನ್ನ ಕೇಸು ನಡೆಸುವ ವಕೀಲರ ಉಣ್ಣೆಯ ಕೋಟನ್ನೂ ಹತ್ತಿ ಮಾಡಿಟ್ಟಿದ್ದಾನೆ. ವಕೀಲರು ಹೌದು ಅಂದುಬಿಟ್ಟರು. ವಿಚಾರಣೆ ಮುಂದಕ್ಕೆ ಹೋದಾಗೆಲ್ಲ ಗಾಳಿಯಲ್ಲೇ ಸೂಜಿಗೆ ದಾರ ಪೋಣಿಸಿ, ಇಲ್ಲದ ಅಂಗಿಗೆ ಗುಂಡಿ ಹಚ್ಚಿ, ಹಲ್ಲಿನಿಂದ ದಾರ ಕಡಿಯುತ್ತಾನೆ. ಇವತ್ತು ಅರ್ಜಿಯ ಬಾಕಿ ವಿವರ ತುಂಬುವ ಕಚೇರಿಯ ಹೆಂಗಸು, "ನಷ್ಟ ಏನು ಅಂತ ಬರೀಲಿ ತಾತ? ಹೊಲಿಗೆ ಕೆಲಸ ಹೋಯ್ತು ಅಂತಾನಾ?" ಎಂದಳು. ಗಾಳಿಯಲ್ಲಿ ಹೊಲಿಯುತ್ತಿದ್ದ ಕೈ ನಿಂತಿತು. "ಅದು ಆಮೇಲೆ ಬರಿಯಮ್ಮ. ಮೊಮ್ಮಗಳ ಹಣೆ ಮುಟ್ಟಿದ್ರೆ ಜ್ವರ ಇದ್ಯೋ ಇಲ್ವೋ ನಂಗೆ ಗೊತ್ತಾಗಲ್ಲ. ಮೊದ್ಲು ಅದನ್ನ ಬರಿ."